ಅರ್ಜಿಯ ಹಾಳೆಯಲ್ಲಿ ರಾಷ್ಟ್ರೀಯತ್ವ

ಸರಕಾರಿ ಅರ್ಜಿಯ ನಮೂನೆಗಳಲ್ಲಿ ಹೆಸರು, ತಂದೆಯ ಹೆಸರು, ಜನ್ಮಸ್ಥಳ, ವಯಸ್ಸು ಇವುಗಳ ಸಾಲಿನಲ್ಲಿಯೇ 'ರಾಷ್ಟ್ರೀಯತ್ವ' ಎಂಬ ಒಂದು ಶಬ್ದವನ್ನು ಅಚ್ಚು ಹಾಕಿ, ಅದರ ಮುಂದೆ ನಾಲ್ಕಂಗುಲ ಬರಿದಾದ ಸ್ಥಳವನ್ನು ಬಿಟ್ಟಿರುವದು ಜಗತ್ತಿನ ಅನೇಕ ದೇಶಗಳ ಪದ್ಧತಿಯಾಗಿದೆ. ಉಳಿದ ಪ್ರಶ್ನೆಗಳಿಗೆ ಉತ್ತರ ಬರೆಯಲು ಯಾರಿಗೂ ಹೆಚ್ಚಿನ ಆಲೋಚನೆ ಬೇಕಾಗುವದಿಲ್ಲ. ಈ ಪ್ರಶ್ನೆಯ ಮುಂದೆ ಮಾತ್ರ ಎಷ್ಟೋ ಜನರ ಲೇಖಣಿಯು ತಡೆದು ನಿಲ್ಲುತ್ತದೆ. ಯಾಕೆಂದರೆ ಆ ಒಂದು ಶಬ್ದದಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳು ಅಡಗಿಕೊಂಡಿವೆ. 'ನೀನು ಯಾವ ರಾಜ್ಯದ ಕಾಯಿದೆಯ ಮೇರೆಗೆ ನಾಗರಿಕನು?' ಎಂಬದು ಒಂದು. 'ನೀನು ಯಾವ ಜನರಲ್ಲಿ ಒಬ್ಬನು?' ಎಂಬದು ಇನ್ನೊಂದು. ಮೊದಲನೆಯದರ ಉತ್ತರವು ಸರಕಾರದ ದಫ್ತರದಲ್ಲಿರುತ್ತದೆ. ಎರಡನೆಯದರ ಉತ್ತರವು ಮನೆಯ ಮಾತಿನಲ್ಲಿ, ಹಿರಿಯರ ನೆನಪಿನಲ್ಲಿ, ಊರಿನ ನಡೆನುಡಿಯಲ್ಲಿ ಇರುತ್ತದೆ. ಇವೆರಡನ್ನೂ ಒಂದೇ ಗೆರೆಯ ಮೇಲೆ ಕೂಡಿಸುವದರಿಂದ ಆಗುವ ಅನರ್ಥವೇನು, ಅದಕ್ಕೆ ಪರಿಹಾರವೇನು ಎಂಬದನ್ನು ಇಂದು ವಾಚಕರ ಮುಂದೆ ಇಡಬಯಸುತ್ತೇವೆ.

ಇದಕ್ಕೆ ತಕ್ಕ ಉದಾಹರಣೆಯು ಬ್ರಿಟನ್ನಿನಲ್ಲಿ ದೊರೆಯುತ್ತದೆ. ಆ ಸಂಯುಕ್ತ ರಾಜ್ಯದಲ್ಲಿ ಇಂಗ್ಲಂಡ, ಸ್ಕಾಟ್ಲಂಡ, ವೇಲ್ಸ, ಉತ್ತರ ಐರ್ಲಂಡ ಎಂಬ ನಾಲ್ಕು ನಾಡುಗಳು ಸೇರಿವೆ. ಆದರೆ ಕಾಯಿದೆಯ ಕಣ್ಣಿಗೆ ಈ ನಾಲ್ಕು ನಾಡುಗಳ ಭೇದವು ಕಾಣಿಸುವದಿಲ್ಲ. ೧೯೪೮ನೆಯ ಇಸವಿಯ ಬ್ರಿಟಿಶ ರಾಷ್ಟ್ರೀಯತ್ವದ ಕಾಯಿದೆಯು 'ಸಂಯುಕ್ತ ರಾಜ್ಯ ಮತ್ತು ವಸಾಹತುಗಳ ನಾಗರಿಕ' ಎಂಬ ವರ್ಗವನ್ನು ನಿರ್ಮಿಸಿತು. ೧೯೮೧ರ ಕಾಯಿದೆಯು ೧೯೮೩ರ ಜನವರಿ ೧ರಿಂದ ಜಾರಿಗೆ ಬಂದು 'ಬ್ರಿಟಿಶ ನಾಗರಿಕ' ಎಂಬ ಈಗಿನ ವರ್ಗವನ್ನು ತಂದಿತು. ಬ್ರಿಟಿಶ ರಾಷ್ಟ್ರೀಯತ್ವದಲ್ಲಿ ಈಗ ಒಟ್ಟು ಆರು ವಿಧಗಳಿವೆ. ಆ ಆರರಲ್ಲಿ ಸ್ಕಾಟರವನೆಂಬ ವಿಧವಿಲ್ಲ, ವೇಲ್ಶನೆಂಬ ವಿಧವಿಲ್ಲ. ಅಷ್ಟೇ ಏಕೆ, ಇಂಗ್ಲೀಷನೆಂಬ ವಿಧವೂ ಇಲ್ಲ. ಎಡಿಂಬರೋ ನಗರದವನೂ ಕಾರ್ಡಿಫ್ ನಗರದವನೂ ಪಾಸಪೋರ್ಟಿನಲ್ಲಿ ಬ್ರಿಟಿಶ ನಾಗರಿಕರೇ ಸರಿ.

ಇಲ್ಲಿ ಕಚೇರಿಯ ಕಾರಕೂನನ ಪಕ್ಷದಲ್ಲಿಯೂ ನ್ಯಾಯವುಂಟೆಂಬದನ್ನು ನಾವು ಮರೆಯಬಾರದು. ದೇಶದೊಳಗೆ ಬರುವ ಹಕ್ಕು ಯಾರಿಗೆ, ಪರದೇಶದಲ್ಲಿ ಸಂಕಟಕ್ಕೆ ಸಿಕ್ಕವನನ್ನು ಯಾವ ಸರಕಾರವು ಕಾಯಬೇಕು, ಪಾಸಪೋರ್ಟನ್ನು ಯಾರು ಕೊಡಬೇಕು ಎಂಬ ಪ್ರಶ್ನೆಗಳನ್ನು ಅವನು ನಿರ್ಣಯಿಸಬೇಕಾಗಿದೆ. ಅವುಗಳಿಗೆ ಹೃದಯದ ಉತ್ತರದಿಂದ ಪ್ರಯೋಜನವಿಲ್ಲ. ಅರ್ಜಿದಾರನು 'ಸ್ಕಾಟರವನು' ಎಂದು ಎಷ್ಟು ಅಭಿಮಾನದಿಂದ ಬರೆದರೂ ಆ ಶಬ್ದಕ್ಕೆ ಹೊಂದುವ ಕಲಮು ಕಾಯಿದೆಯ ಪುಸ್ತಕದಲ್ಲಿಲ್ಲ.

ಆದರೆ ಸ್ಕಾಟರ ಮಾತೂ ಬರಿಯ ಹಟವಲ್ಲ. ೧೭೦೭ರಲ್ಲಿ ಎರಡು ರಾಜ್ಯಗಳು ಒಂದಾದಾಗ ಸ್ಕಾಟ್ಲಂಡದ ನ್ಯಾಯಪದ್ಧತಿಯೂ ಕೋರ್ಟುಗಳೂ ಪ್ರತ್ಯೇಕವಾಗಿಯೇ ಉಳಿದವು, ಇಂದಿಗೂ ಉಳಿದಿವೆ. ೧೯೯೯ರಿಂದ ಎಡಿಂಬರೋದಲ್ಲಿ ಅವರ ಶಾಸನಸಭೆಯು ನಡೆಯುತ್ತಲಿದೆ. ಕಾಲ್ಚೆಂಡಿನ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ನಾಲ್ಕು ನಾಡುಗಳೂ ಪ್ರತ್ಯೇಕ ರಾಷ್ಟ್ರಗಳೆಂದು ಆಡುತ್ತವೆ. ಹೀಗೆ ನೂರು ಕಡೆಗಳಲ್ಲಿ 'ನೀವು ಒಂದು ರಾಷ್ಟ್ರವು' ಎಂದು ಹೇಳಿಸಿಕೊಂಡವರು, ಅರ್ಜಿಯ ಹಾಳೆಯಲ್ಲಿ 'ನಿನ್ನ ರಾಷ್ಟ್ರೀಯತ್ವವೇನು?' ಎಂದು ಕೇಳಿದಾಗ ತಮ್ಮ ನಾಡಿನ ಹೆಸರನ್ನು ಬರೆದರೆ ಅದರಲ್ಲಿ ಆಶ್ಚರ್ಯವೇನು? ತಪ್ಪು ಉತ್ತರದಲ್ಲಿಲ್ಲ, ಪ್ರಶ್ನೆಯಲ್ಲಿದೆ.

ಈ ತಪ್ಪು ಖಾನೇಸುಮಾರಿಯಲ್ಲಿ ಬಯಲಿಗೆ ಬಂದಿತು. ೨೦೦೧ರ ಜನಗಣತಿಯ ಕುಲಮೂಲದ ಪ್ರಶ್ನೆಯಲ್ಲಿ ಸ್ಕಾಟ್ಲಂಡದ ಹಾಳೆಯು ಸ್ಕಾಟರಿಗೆ ಒಂದು ಚೌಕವನ್ನು ಕೊಟ್ಟಿತು. ವೇಲ್ಸದ ಹಾಳೆಯು ವೇಲ್ಶರಿಗೆ ಅಂತಹ ಚೌಕವನ್ನು ಕೊಡಲಿಲ್ಲ. ತಮ್ಮ ನಾಡಿನಲ್ಲಿಯೇ ತಮಗೆ ಹೆಸರಿಲ್ಲವೆಂದು ವೇಲ್ಸದ ಜನರು ಪ್ರತಿಭಟಿಸಿದರು. ಪರಿಣಾಮವಾಗಿ ೨೦೧೧ರ ಜನಗಣತಿಯಲ್ಲಿ 'ನಿಮ್ಮ ರಾಷ್ಟ್ರೀಯ ಗುರುತನ್ನು ಹೇಗೆ ಹೇಳಿಕೊಳ್ಳುವಿರಿ?' ಎಂಬ ಬೇರೆ ಪ್ರಶ್ನೆಯು ಬಂದಿತು. ಒಂದಕ್ಕಿಂತ ಹೆಚ್ಚು ಉತ್ತರಗಳಿಗೂ ಅವಕಾಶವಾಯಿತು. ವೇಲ್ಸದಲ್ಲಿ ನೂರಕ್ಕೆ ೫೭.೫ ಜನರು ತಾವು ಕೇವಲ ವೇಲ್ಶರೆಂದು ಬರೆದರು.

ಇದರ ಮುಂದಿನ ಸಂಗತಿಯನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ೨೦೧೧ರಲ್ಲಿ ಇಂಗ್ಲಂಡದ ಹಾಳೆಯ ಮೇಲೆ 'ಇಂಗ್ಲೀಷ್' ಎಂಬ ಚೌಕವು ಮೊದಲು ಇದ್ದಿತು; ೨೦೨೧ರಲ್ಲಿ 'ಬ್ರಿಟಿಶ' ಎಂಬದನ್ನು ಮೊದಲು ಇಟ್ಟರು. ಇಂಗ್ಲಂಡ ವೇಲ್ಸಗಳೆರಡನ್ನೂ ಕೂಡಿಸಿ ನೋಡಿದರೆ, ಕೇವಲ ಇಂಗ್ಲೀಷರೆಂದು ಬರೆದವರು ನೂರಕ್ಕೆ ೫೭.೭ರಿಂದ ೧೪.೯ಕ್ಕೆ ಇಳಿದರು, ಕೇವಲ ಬ್ರಿಟಿಶರೆಂದು ಬರೆದವರು ೧೯.೧ರಿಂದ ೫೪.೮ಕ್ಕೆ ಏರಿದರು. ಹತ್ತು ವರುಷಗಳಲ್ಲಿ ಕೋಟಿಗಟ್ಟಲೆ ಜನರ ಅಂತಃಕರಣವು ತಿರುಗಿ ನಿಂತಿತೆಂದು ಯಾರೂ ನಂಬಲಾರರು. ಚೌಕಗಳ ಕ್ರಮವನ್ನು ಬದಲಿಸಿದ್ದೂ ಇದಕ್ಕೆ ಒಂದು ಕಾರಣವೆಂದು ಅಂಕಿಸಂಖ್ಯೆಯ ಖಾತೆಯವರೇ ಹೇಳಿದ್ದಾರೆ. ಅಂದ ಮೇಲೆ, ನಮೂನೆಯು ಉತ್ತರವನ್ನು ಬರೆದುಕೊಳ್ಳುವ ಮುಗ್ಧ ಹಾಳೆಯಲ್ಲ. ಅದು ಉತ್ತರವನ್ನು ಬಾಯಲ್ಲಿ ಇಡಲೂ ಬಲ್ಲದು. ನಮೂನೆಯನ್ನು ಯಾರು ಬರೆಯುತ್ತಾರೆ ಎಂಬದು ಸಣ್ಣ ಮಾತೆಂದು ಇನ್ನು ಯಾರೂ ಹೇಳದಿರಲಿ.

ಒಂದು ಹಾಳೆಗಾಗಿ ಇಷ್ಟು ಕಷ್ಟಪಡಬೇಕೇ ಎಂದು ಕೇಳುವವರಿಗೆ ವೇಲ್ಸದ ಇನ್ನೊಂದು ಕಥೆಯನ್ನು ಹೇಳುತ್ತೇವೆ. ಲನೆತ್ಲಿಯ ಸಮೀಪದ ಒಂದು ಹಳ್ಳಿಯಲ್ಲಿ ಟ್ರೆವೋರ್ ಬೀಸ್ಲಿ ಎಂಬ ಗಣಿಕೆಲಸದವನೂ ಅವನ ಹೆಂಡತಿ ಐಲೀನಳೂ ೧೯೫೨ರಲ್ಲಿ, ಮನೆಪಟ್ಟಿಯ ತಗಾದೆಯ ಚೀಟಿಯು ತಮ್ಮ ವೇಲ್ಶ ಭಾಷೆಯಲ್ಲಿಯೂ ಬರುವವರೆಗೆ ಹಣ ಕೊಡುವದಿಲ್ಲವೆಂದು ನಿಂತರು. ಹತ್ತಕ್ಕೂ ಹೆಚ್ಚು ಸಲ ಅವರನ್ನು ಕೋರ್ಟಿಗೆ ಎಳೆದರು. ಜಪ್ತಿಯವರು ಮೇಲಿಂದ ಮೇಲೆ ಬಂದು ಮನೆಯೊಳಗಿನ ಸಾಮಾನುಗಳನ್ನು ಹೊತ್ತುಕೊಂಡು ಹೋದರು. ಆ ದಂಪತಿಗಳು ಕದಲಲಿಲ್ಲ. ಎಂಟು ವರುಷಗಳ ಮೇಲೆ, ೧೯೬೦ರಲ್ಲಿ, ಎರಡೂ ಭಾಷೆಗಳ ಚೀಟಿಯು ಅವರ ಬಾಗಿಲಿಗೆ ಬಂದಿತು. ಮುಂದೆ ೧೯೬೭ರಲ್ಲಿಯೂ ೧೯೯೩ರಲ್ಲಿಯೂ ವೇಲ್ಶ ಭಾಷೆಯ ಕಾಯಿದೆಗಳಾದವು. ಅವರು ಬ್ರಿಟಿಶ ನಾಗರಿಕತ್ವವನ್ನು ಅಲ್ಲಗಳೆಯಲಿಲ್ಲ. ತಮ್ಮೊಡನೆ ಮಾತನಾಡುವ ಕಚೇರಿಯು ತಾವು ಯಾರೆಂಬದನ್ನು ಅರಿತು ಮಾತನಾಡಲಿ ಎಂದು ಮಾತ್ರ ಕೇಳಿದರು.

ವೇಲ್ಸದಲ್ಲಿ ಈ ಭೇದವು ಅಭಿಮಾನದ ಪ್ರಶ್ನೆಯಾದರೆ, ಉತ್ತರ ಐರ್ಲಂಡದಲ್ಲಿ ಅದು ಸಂಸಾರದ ಪ್ರಶ್ನೆಯಾಯಿತು. ೧೯೯೮ರ ಏಪ್ರಿಲ್ ೧೦ರಂದು ಆದ ಶುಭ ಶುಕ್ರವಾರದ ಒಪ್ಪಂದವು, ಅಲ್ಲಿಯ ಜನರು ತಮ್ಮನ್ನು ಐರಿಶರೆಂದಾಗಲಿ, ಬ್ರಿಟಿಶರೆಂದಾಗಲಿ, ಎರಡೂ ಎಂದಾಗಲಿ ಹೇಳಿಕೊಳ್ಳುವದೂ ಹಾಗೆಯೇ ಅಂಗೀಕರಿಸಲ್ಪಡುವದೂ ಅವರ ಜನ್ಮಸಿದ್ಧವಾದ ಹಕ್ಕೆಂದು ಸಾರಿತು. ಆದರೆ ೧೯೮೧ರ ಕಾಯಿದೆಯ ಮೇರೆಗೆ ಅಲ್ಲಿ ಹುಟ್ಟಿದ ಹೆಚ್ಚಿನವರು ಹುಟ್ಟಿದ ಕ್ಷಣದಲ್ಲಿಯೇ ಬ್ರಿಟಿಶ ನಾಗರಿಕರಾಗುತ್ತಾರೆ. ಅವರ ಇಚ್ಛೆಯನ್ನು ಯಾರೂ ಕೇಳುವದಿಲ್ಲ. ಐರಿಶ ಪಾಸಪೋರ್ಟನ್ನೇ ಹೊಂದಿದ್ದ ಅಲ್ಲಿಯ ಒಬ್ಬ ಮಹಿಳೆಯು, ತನ್ನ ಅಮೇರಿಕದ ಪತಿಯು ತನ್ನೊಡನೆ ವಾಸಿಸುವ ಪರವಾನಿಗೆಗಾಗಿ ೨೦೧೫ರಲ್ಲಿ ಐರಿಶಳೆಂದು ಅರ್ಜಿ ಹಾಕಿದಳು. 'ನೀವು ಬ್ರಿಟಿಶರು; ಬೇಡವಾದರೆ ಆ ನಾಗರಿಕತ್ವವನ್ನು ಮೊದಲು ಬಿಟ್ಟುಕೊಡಿರಿ' ಎಂಬ ಅರ್ಥದ ಉತ್ತರವು ಬಂದಿತು. ತಾನು ಎಂದೂ ಬೇಡದೆ ಇದ್ದುದನ್ನು ಬಿಟ್ಟುಕೊಡುವದೆಂತು ಎಂದು ಅವಳು ನ್ಯಾಯಾಸನದ ಮೆಟ್ಟಲು ಹತ್ತಿದಳು. ಕೆಳಗಿನ ನ್ಯಾಯಾಸನವು ಅವಳ ಮಾತನ್ನು ಒಪ್ಪಿತು. ಮೇಲಿನ ನ್ಯಾಯಾಸನವು ೨೦೧೯ರ ಅಕ್ಟೋಬರದಲ್ಲಿ, ಕಾಯಿದೆಯು ಒಪ್ಪಂದದಿಂದ ತಾನಾಗಿಯೇ ಬದಲಾಗಿಲ್ಲವೆಂದು ಆ ತೀರ್ಪನ್ನು ತಿರುಗಿಸಿತು. ೨೦೨೦ರ ಮೇ ತಿಂಗಳಲ್ಲಿ ಸರಕಾರವೇ ನಿಯಮಗಳನ್ನು ಸಡಿಲಿಸಿ ಅಂತಹ ಕುಟುಂಬಗಳಿಗೆ ಕೆಲಕಾಲ ದಾರಿಯನ್ನು ತೆರೆಯಿತು. ಮೂಲ ಕಾಯಿದೆಯನ್ನು ಮಾತ್ರ ಮುಟ್ಟಲಿಲ್ಲ. ಒಪ್ಪಂದದಲ್ಲಿ ಕೊಟ್ಟ ಮಾತು ನಮೂನೆಯ ಹಾಳೆಗೆ ಇಳಿಯದಿದ್ದರೆ, ಆ ಮಾತಿನ ಬೆಲೆಯೆಷ್ಟೆಂಬದನ್ನು ಬಡವರೇ ಮೊದಲು ತಿಳಿಯುತ್ತಾರೆ.

ಹಾಗಾದರೆ ಪ್ರತಿಯೊಬ್ಬನ ಜನಾಂಗವನ್ನೂ ಸರಕಾರವು ಅವನ ಪಾಸಪೋರ್ಟಿನಲ್ಲಿಯೇ ಬರೆದುಬಿಡಲಿ ಎಂದು ಕೆಲವರು ಅನ್ನಬಹುದು. ಅದು ಔಷಧವಲ್ಲ, ವಿಷವೆಂಬದಕ್ಕೆ ಸೋವಿಯತ್ ರಶಿಯದ ಇತಿಹಾಸವೇ ಸಾಕ್ಷಿ. ೧೯೩೨ರಲ್ಲಿ ಆರಂಭವಾದ ಅಲ್ಲಿಯ ಒಳನಾಡಿನ ಪಾಸಪೋರ್ಟಿನಲ್ಲಿ ರಾಷ್ಟ್ರೀಯತ್ವದ ಒಂದು ಕಲಮು ಇದ್ದಿತು. ಅದು ಮೊದಲು ಅವರವರು ಹೇಳಿದಂತೆ ಇದ್ದು, ೧೯೩೮ರಿಂದ ತಂದೆತಾಯಿಗಳ ಜನಾಂಗದಂತೆ ಕಡ್ಡಾಯವಾಯಿತು. ಯೆಹೂದಿ ಎಂಬ ಶಬ್ದವು ವಿದ್ಯಾಲಯದ ಬಾಗಿಲನ್ನು ಮುಚ್ಚಿತು. ೧೯೪೧ರಲ್ಲಿ ವೋಲ್ಗಾ ತೀರದ ಜರ್ಮನರನ್ನೂ, ೧೯೪೪ರಲ್ಲಿ ಕ್ರಿಮಿಯದ ತಾತಾರರನ್ನೂ ಚೆಚೆನರನ್ನೂ ಇಡಿ ಇಡಿಯಾಗಿ ದೇಶಾಂತರಕ್ಕೆ ಅಟ್ಟಿದಾಗ, ಯಾರನ್ನು ಅಟ್ಟಬೇಕೆಂಬದನ್ನು ನೋಡಲು ಅಧಿಕಾರಿಗಳ ಕೈಯಲ್ಲಿ ಬರೆದ ಗುರುತು ಸಿದ್ಧವಾಗಿತ್ತು. ರಶಿಯವು ೧೯೯೭ರ ಹೊಸ ಪಾಸಪೋರ್ಟಿನಿಂದ ಆ ಕಲಮನ್ನು ತೆಗೆದುಹಾಕಿತು. ತಾನೇ ಹೇಳಿಕೊಂಡ ನಾಡಿನ ಹೆಸರು ಮನುಷ್ಯನಿಗೆ ಭೂಷಣ. ಸರಕಾರವು ಹಚ್ಚಿದ ಹೆಸರು ಬೇಡಿ.

ಈ ವಿಷಯವು ಕನ್ನಡಿಗರಿಗೆ ಹೊರಗಿನದಲ್ಲ. ೧೯೪೭ಕ್ಕಿಂತ ಮುಂಚೆ ತುಂಗಭದ್ರೆಯ ಈಚೆಗಿನ ರಾಣೇಬೆನ್ನೂರಿನವನು ಬ್ರಿಟಿಶ ಪ್ರಜೆ. ಆಚೆಗಿನ ಹರಿಹರದವನು ಮೈಸೂರ ಅರಸರ ಪ್ರಜೆ, ಬ್ರಿಟಿಶ ಕಾಯಿದೆಯಲ್ಲಿ ಕೇವಲ 'ರಕ್ಷಿತ ವ್ಯಕ್ತಿ'. ರಾಯಚೂರಿನವನು ನಿಜಾಮರ ಪ್ರಜೆ. ಕಾಯಿದೆಯು ಹೀಗೆ ಮೂರು ಹೆಸರಿಟ್ಟು ಕರೆದ ಜನರು ಮನೆಯೊಳಗೆ ಆಡಿದ್ದು ಒಂದೇ ಮಾತು. ಆ ಮಾತೇ ನಿಜವಾದ ಗುರುತೆಂಬ ನಂಬಿಗೆಯಿಂದ ಏಕೀಕರಣದ ಚಳವಳಿಯು ನಡೆದು, ೧೯೫೬ರ ನವೆಂಬರ್ ೧ರಂದು ಕನ್ನಡ ನಾಡು ಒಂದಾಯಿತು. ಆದರೂ ಕನ್ನಡಿಗರು ಪ್ರತ್ಯೇಕ ನಾಗರಿಕತ್ವವನ್ನು ಬೇಡಲಿಲ್ಲ. ಭಾರತದ ರಾಜ್ಯಘಟನೆಯಲ್ಲಿ ನಾಗರಿಕತ್ವವು ಒಂದೇ. ಅದರ ಕೆಳಗೆ ತಾಯ್ನುಡಿಗೆ ಜನಗಣತಿಯಲ್ಲಿ ತನ್ನದೇ ಆದ ಕಲಮು ಉಂಟು. ೨೦೧೧ರಲ್ಲಿ ೪ ಕೋಟಿ ೩೭ ಲಕ್ಷ ಜನರು ಆ ಕಲಮಿನಲ್ಲಿ ಕನ್ನಡವೆಂದು ಹೇಳಿದರು. ಭಾರತೀಯತ್ವವೂ ಕನ್ನಡತನವೂ ಎರಡು ಬೇರೆ ಪ್ರಶ್ನೆಗಳಿಗೆ ಉತ್ತರವಾದ್ದರಿಂದಲೇ ಒಂದು ಇನ್ನೊಂದನ್ನು ತಿನ್ನಲಿಲ್ಲ.

ಪರದೇಶದಲ್ಲಿ ನೆಲಸಿದ ಕನ್ನಡಿಗನಿಗೆ ಈ ವಿವೇಕವು ಇನ್ನೂ ಅವಶ್ಯವು. ತಾನಾಗಿ ಅನ್ಯ ರಾಷ್ಟ್ರದ ನಾಗರಿಕತ್ವವನ್ನು ಪಡೆದವನು ಭಾರತದ ನಾಗರಿಕನಾಗಿ ಉಳಿಯುವದಿಲ್ಲ. ೨೦೦೫ರಿಂದ ಅಂತಹವರಿಗೆ 'ಸಾಗರೋತ್ತರ ಭಾರತೀಯ ನಾಗರಿಕ' ಎಂಬ ಹೆಸರನ್ನು ಕೊಟ್ಟರು. ಹೆಸರಿನಲ್ಲಿ ನಾಗರಿಕನೆಂದಿದ್ದರೂ ಅವನಿಗೆ ಮತವಿಲ್ಲ, ಶಾಸನಸಭೆಯಲ್ಲಿ ಸ್ಥಾನವಿಲ್ಲ. ೨೦೧೫ರಲ್ಲಿ ಆ ಹೆಸರಿಗೆ 'ಕಾರ್ಡುದಾರ' ಎಂಬ ಬಾಲವನ್ನು ಜೋಡಿಸಬೇಕಾಯಿತು. ಲಂಡನದಲ್ಲಿರುವ ಅಂತಹ ಗೃಹಸ್ಥನು ಸರಕಾರಿ ಅರ್ಜಿಯಲ್ಲಿ ಬ್ರಿಟಿಶನೆಂದು ಬರೆದರೆ ಅದು ನಾಡಿಗೆ ದ್ರೋಹವಲ್ಲ. ಮಕ್ಕಳಿಗೆ ಕನ್ನಡವನ್ನು ಕಲಿಸದೆ ಬಿಟ್ಟರೆ ಅದು ನಷ್ಟವು.

ಆದುದರಿಂದ ನಮ್ಮ ಅಭಿಪ್ರಾಯವು ಹೀಗಿದೆ. ಮೊದಲನೆಯದು: ಕಾಯಿದೆಯ ಸಂಬಂಧವನ್ನು ಕೇಳಬೇಕಾದಲ್ಲಿ ನಮೂನೆಯು 'ನಾಗರಿಕತ್ವ' ಎಂಬ ಶಬ್ದವನ್ನೇ ಉಪಯೋಗಿಸಲಿ. ಎರಡನೆಯದು: ಜನರ ಗುರುತನ್ನು ಕೇಳಬೇಕಾದಲ್ಲಿ ಅದು ಪ್ರತ್ಯೇಕ ಪ್ರಶ್ನೆಯಾಗಿರಲಿ, ಉತ್ತರವು ಐಚ್ಛಿಕವಾಗಿರಲಿ, ಎರಡು ಉತ್ತರಗಳನ್ನು ಬರೆಯುವವನಿಗೂ ಸ್ಥಳವಿರಲಿ. ಮೂರನೆಯದು: ಆ ಉತ್ತರದ ಮೇಲೆ ಯಾವ ಹಕ್ಕೂ ಹೋಗಕೂಡದು, ಯಾವ ಶಿಕ್ಷೆಯೂ ಬರಕೂಡದು.

ಅರ್ಜಿದಾರರಿಗೂ ಒಂದು ಮಾತು. ಕಾಯಿದೆಯ ಪ್ರಶ್ನೆಗೆ ಕಾಯಿದೆಯ ಉತ್ತರವನ್ನೇ ಬರೆಯಿರಿ. ಅಭಿಮಾನದ ಭರದಲ್ಲಿ ತಪ್ಪು ಬರೆದರೆ ಅರ್ಜಿಯು ಕೆಡುವದು, ನಾಡಿಗೆ ಲಾಭವಾಗದು. ನಮೂನೆಯೇ ತಪ್ಪಾಗಿದ್ದರೆ ಅದನ್ನು ಬದಲಿಸಲು ಬಹಿರಂಗವಾಗಿ ಹೋರಾಡಿರಿ. ಶಾಲೆಯ ಗುರುಗಳು ಈ ಭೇದವನ್ನು ಹುಡುಗರಿಗೆ ಬೇಗನೆ ತಿಳಿಸಿಕೊಡಲಿ. ತಾನು ಯಾವ ರಾಜ್ಯದ ನಾಗರಿಕನೆಂಬದನ್ನೂ ಯಾವ ಜನರ ಮಗನೆಂಬದನ್ನೂ ಬೇರೆ ಬೇರೆಯಾಗಿ ತಿಳಿದವನು ಎರಡು ಋಣಗಳನ್ನೂ ತೀರಿಸಬಲ್ಲನು.