ಬಾಗಿಲು ಮಾಡಿದವನಿಗೆ ಹೆಸರಿಲ್ಲವೆ?

ಬೆಂಗಳೂರಿನಲ್ಲಿ ಹಳೆಯ ಕಾರುಗಳ ಪ್ರದರ್ಶನವೊಂದಕ್ಕೆ ಹೋಗಿದ್ದೆ. ಪ್ರತಿ ಕಾರಿನ ಮುಂದೆಯೂ ಒಂದು ಫಲಕ: ಮಾದರಿ, ಇಸವಿ, ಮಾಲೀಕರ ಹೆಸರು. ಒಂದು ಕಾರಿನ ಬಾಗಿಲು ಎಷ್ಟು ಹದವಾಗಿ ಮುಚ್ಚಿಕೊಂಡಿತೆಂದರೆ, ‘ಇದನ್ನು ಯಾರು ಮಾಡಿದ್ದು?’ ಎಂದು ಕೇಳದಿರಲು ಆಗಲಿಲ್ಲ. ‘ಯಾರೋ ಸಾಬಿ ಸಾರ್, ಗ್ಯಾರೇಜಿನವನು’ ಎಂದರು ಮಾಲೀಕರು. ಆಮೇಲೆ ನನ್ನ ಗಡ್ಡ ನೋಡಿ, ‘ಪಾಪ, ಒಳ್ಳೆ ಮನುಷ್ಯ’ ಎಂದು ಸೇರಿಸಿದರು.

ನನಗೆ ನೋವಾದದ್ದು ‘ಸಾಬಿ’ ಎಂದದ್ದಕ್ಕಲ್ಲ, ಅದು ಅಭ್ಯಾಸವಾಗಿದೆ. ‘ಯಾರೋ’ ಎಂದದ್ದಕ್ಕೆ.

ಈ ‘ಯಾರೋ’ ಮಾಡುವ ಕೆಲಸವನ್ನು ಸ್ವಲ್ಪ ನೋಡಿ. ತುಕ್ಕು ತಿಂದು ಜರಡಿಯಾದ ಬಾಗಿಲು ಅವನ ಬಳಿ ಬರುತ್ತದೆ. ಹೊಸದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆಚೆ ಬದಿಯ ಬಾಗಿಲಿನ ಮೇಲೆ ಕಾಗದವಿಟ್ಟು ಅಳತೆ ತೆಗೆದು, ಅದನ್ನು ಮಗುಚಿ, 20 ಗೇಜಿನ ಶೀಟಿನ ಮೇಲೆ ಗುರುತು ಹಾಕುತ್ತಾನೆ. ಮರಳುಚೀಲದ ಮೇಲೆ ಶೀಟನ್ನಿಟ್ಟು ಮರದ ಕೊಡತಿಯಿಂದ ಬಡಿದು ಉಬ್ಬು ತರುತ್ತಾನೆ. ಬಡಿದಲ್ಲಿ ತಗಡು ಹಿಗ್ಗುತ್ತದೆ. ಹೆಚ್ಚು ಹಿಗ್ಗಿತೋ, ಬೆರಳಿನಿಂದ ಒತ್ತಿದರೆ ಎಣ್ಣೆ ಡಬ್ಬದಂತೆ ಟಪ್ಪೆನ್ನುತ್ತದೆ. ಆಗ ಗ್ಯಾಸಿನ ಬೆಂಕಿಯಿಂದ ರೂಪಾಯಿ ಅಗಲದಷ್ಟು ಜಾಗವನ್ನು ಕೆಂಪಗೆ ಕಾಯಿಸಿ, ಸುತ್ತಿಗೆಯಿಂದ ತಟ್ಟಿ, ಒದ್ದೆ ಬಟ್ಟೆ ಒತ್ತಿ ಕುಗ್ಗಿಸಬೇಕು. ಕೊನೆಗೆ ಶೀಟಿನ ಅಂಚನ್ನು ಚೌಕಟ್ಟಿನ ಸುತ್ತ ಸೀರೆಯಂಚಿನಂತೆ ಮಡಚುತ್ತಾನೆ, ದಾರವಿಲ್ಲದೆ. ತೀರ ಹಳೆಯ ಕಾರಾದರೆ ಆ ಚೌಕಟ್ಟು ಮರದ್ದು, ಬಡಗಿ ಬರಬೇಕು. ಒಳಗಿನ ಸೀಟಿಗೆ ಕುಶನ್ ಕೆಲಸದವನು ಹಳೆಯ ಚರ್ಮದ ಹೊಲಿಗೆತೂತುಗಳನ್ನು ಎಣಿಸಿ, ಹೊಸ ಚರ್ಮಕ್ಕೂ ಅಷ್ಟೇ ಅಂತರದಲ್ಲಿ ಸೂಜಿ ಹಾಕುತ್ತಾನೆ.

2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. ವಾಹನಕ್ಕೆ 50 ವರ್ಷ ದಾಟಿರಬೇಕು, ಅದು ಮೂಲರೂಪದಲ್ಲಿರಬೇಕು. ಶುಲ್ಕ 20,000 ರೂಪಾಯಿ. ಮೂಲರೂಪ ತಾನಾಗಿ ಉಳಿಯುತ್ತದೆಯೇ? ಸುತ್ತಿಗೆಯ ಗುರುತು ಕಾಣದಂತೆ ಸುತ್ತಿಗೆ ಬೀಸಿದವನು ಅದನ್ನು ಉಳಿಸುತ್ತಾನೆ. ಕೆಲಸ ಚೆನ್ನಾದಷ್ಟೂ ಕೆಲಸಗಾರ ಕಾಣದಾಗುತ್ತಾನೆ.

ಇದು ಈ ಕಸುಬಿನ ಹಣೆಬರಹವೇನಲ್ಲ. ಎರಡನೇ ಮಹಾಯುದ್ಧದವರೆಗೆ ರೋಲ್ಸ್ ರಾಯ್ಸ್ ಕಂಪೆನಿ ಚಾಸಿ ಮತ್ತು ಇಂಜಿನನ್ನಷ್ಟೇ ಮಾರುತ್ತಿತ್ತು. ಮೇಲಿನ ಬಾಡಿಯನ್ನು ಹೂಪರ್, ಬಾರ್ಕರ್‌ರಂಥ ಲಂಡನ್ನಿನ ಸಂಸ್ಥೆಗಳು ಕಟ್ಟಿ, ಬಾಗಿಲಿನ ಹೊಸ್ತಿಲಿಗೆ ತಮ್ಮ ಹೆಸರಿನ ಲೋಹದ ಪಟ್ಟಿ ಬಡಿಯುತ್ತಿದ್ದವು. ಮಹಾರಾಜರೂ ಆ ಹೆಸರನ್ನು ದಾಟಿಯೇ ಕಾರು ಹತ್ತಬೇಕಿತ್ತು! ಅದೇ ಬಾಗಿಲನ್ನು ಇಲ್ಲಿ ಮತ್ತೆ ಕಟ್ಟಿದವನಿಗೆ ಪಟ್ಟಿಯಿರಲಿ, ರಸೀದಿಯೂ ಇಲ್ಲ. 2023ರ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರನಿದ್ದಾನೆ, ದರ್ಜಿಯಿದ್ದಾನೆ. ಕಾರಿನ ಟಿಂಕರ್ ಇಲ್ಲ.

ಸರಕಾರವನ್ನು ಬೈದು ಕೈತೊಳೆದುಕೊಳ್ಳುವ ಹಾಗೂ ಇಲ್ಲ. ಈ ಕೆಲಸದಲ್ಲಿ ಎಲ್ಲ ಜಾತಿಯವರೂ ಇದ್ದಾರೆ, ನಮ್ಮವರು ಬಹಳ ಇದ್ದಾರೆ. ಅವರನ್ನು ನಾವೇ ಹೇಗೆ ಕಾಣುತ್ತೇವೆ? ಪ್ರವಾದಿ ದಾವೂದರಿಗೆ (ಅ) ಅಲ್ಲಾಹನು ಕಬ್ಬಿಣವನ್ನು ಮೆತ್ತಗೆ ಮಾಡಿಕೊಟ್ಟ ಪ್ರಸ್ತಾಪ ಕುರ್‌ಆನಿನಲ್ಲಿದೆ. ಜುಮಾ ಖುತ್ಬಾದಲ್ಲಿ ಅದನ್ನು ಕೇಳಿ ತಲೆದೂಗುತ್ತೇವೆ. ಮನೆಗೆ ಬಂದರೆ ಮಗಳಿಗೊಂದು ಸಂಬಂಧ ಬಂದಿರುತ್ತದೆ. ‘ಛೋರಾ ಟಿಂಕರ್ ಹೈ ಕತೆ’ ಎಂದೊಡನೆ ಮನೆಯವರ ಮುಖ ಬಾಡುತ್ತದೆ. ತಾಜಮಹಲು ಕಟ್ಟಿದವರು ನಮ್ಮವರೆಂದು ಭಾಷಣ ಮಾಡುವ ನಾವು, ಕೈಗೆ ಗ್ರೀಸು ಹತ್ತಿದವನನ್ನು ವಲೀಮಾದಲ್ಲಿ ಕೊನೆಯ ಪಂಕ್ತಿಗೆ ಕೂರಿಸುತ್ತೇವೆ.

ಹತ್ತು ವರ್ಷದ ಮಗುವನ್ನು ಶಾಲೆ ಬಿಡಿಸಿ ಗ್ಯಾರೇಜಿಗೆ ಹಾಕಿ ಎಂದು ನಾನು ಹೇಳುತ್ತಿಲ್ಲ. ಆ ಅನ್ಯಾಯ ಸಾಕಷ್ಟು ನಡೆದಿದೆ. ಓದಿದ ಹುಡುಗ ತಾನಾಗಿ ಬಂದು ಉಸ್ತಾದರ ಪಕ್ಕ ಕೂರುವಂಥ ಕೂಲಿ, ಮರ್ಯಾದೆ ಇಲ್ಲಿಲ್ಲವಲ್ಲ ಎಂಬುದೇ ನನ್ನ ತಕರಾರು.

ಕಾರುಗಳ ಮಾಲೀಕರಲ್ಲಿ ಒಂದು ಮಾತು: ನಿಮ್ಮ ಫಲಕದಲ್ಲಿ ಇನ್ನೆರಡು ಸಾಲಿಗೆ ಜಾಗವಿದೆ. ಬಾಗಿಲು ಇಂಥವರದು, ಕುಶನ್ ಇಂಥವರದು ಎಂದು ಬರೆಸಿ. ಪೇಂಟಿನವನನ್ನೂ ಮರೆಯಬೇಡಿ.