ತಾರೀಕು ಮರೆತ ಹಿರಿಯರಿಗೆ ದಂಡವೇಕೆ?

ಅಮೆರಿಕದಲ್ಲಿ ದುಡಿದು ನಿವೃತ್ತರಾದವರಿಗೆ 73 ತುಂಬಿತೆಂದರೆ ಐಆರ್‌ಎ, 401(ಕೆ) ಎಂಬ ನಿವೃತ್ತಿ ಉಳಿತಾಯ ಖಾತೆಗಳಿಂದ ಪ್ರತಿವರ್ಷ ಇಂತಿಷ್ಟು ಹಣ ತೆಗೆಯಲೇಬೇಕೆಂಬ ಕಾನೂನಿದೆ. ಗಡುವು ತಪ್ಪಿದರೆ ತೆಗೆಯದೆ ಬಿಟ್ಟ ಮೊತ್ತದ ಶೇ 25ರಷ್ಟು ದಂಡ. ಖಾತೆಯಲ್ಲಿ 2,65,000 ಡಾಲರ್ ಇದ್ದವರು 73ನೇ ವರ್ಷಕ್ಕೆ ತೆಗೆಯಬೇಕಾದದ್ದು 10,000 ಡಾಲರ್. ಮರೆತರೆ 2,500 ಡಾಲರ್ ದಂಡ. ತೆರಿಗೆ ಬೇರೆ.

ಇಷ್ಟು ವರ್ಷ ತೆರಿಗೆಯಿಲ್ಲದೆ ಬೆಳೆದ ಹಣಕ್ಕೆ ಸರ್ಕಾರ ಒಂದು ದಿನ ತೆರಿಗೆ ಕೇಳುವುದು ನ್ಯಾಯವೇ. ಆದರೆ ಮರೆವಿನ ವಯಸ್ಸಿನಲ್ಲಿರುವವರ ಮುಂದೆ ಗೋಜಲು ನಿಯಮಗಳನ್ನಿಟ್ಟು, ಎಡವಿದೊಡನೆ ದಂಡ ಹಾಕುವುದು ನ್ಯಾಯವಲ್ಲ.

ಗೋಜಲು ಎಷ್ಟೆಂದು ನೋಡಿ. ಮೊದಲ ವರ್ಷದ ಹಣಕ್ಕೆ ಮರುವರ್ಷದ ಏಪ್ರಿಲ್ 1ರವರೆಗೆ ಸಮಯವಿದೆ. ಆದರೆ ಹಾಗೆ ಕಾದವರು ಅದೇ ಡಿಸೆಂಬರ್ 31ರೊಳಗೆ ಎರಡನೆಯ ಕಂತನ್ನೂ ತೆಗೆದು, ಒಂದೇ ವರ್ಷ ಎರಡಕ್ಕೂ ತೆರಿಗೆ ಕಟ್ಟಬೇಕು. ಹಲವು ಐಆರ್‌ಎಗಳಿದ್ದರೆ ಒಟ್ಟು ಮೊತ್ತವನ್ನು ಒಂದರಿಂದಲೇ ತೆಗೆಯಬಹುದು. 401(ಕೆ)ಗಳಿಗೆ ಆ ಸೌಲಭ್ಯವಿಲ್ಲ. ವಯಸ್ಸಿನ ಮಿತಿಯೂ ನಿಂತಲ್ಲಿ ನಿಂತಿಲ್ಲ: ಎಪ್ಪತ್ತೂವರೆ ಇದ್ದದ್ದು 2020ರಲ್ಲಿ 72 ಆಯಿತು, 2023ರಲ್ಲಿ 73; 2033ರಿಂದ 75.

ವಾರಸುದಾರರ ಪಾಡು ಇನ್ನೂ ಕಷ್ಟ. ತಂದೆತಾಯಿಯಿಂದ ಬಂದ ಖಾತೆಯನ್ನು ಹತ್ತು ವರ್ಷದೊಳಗೆ ಬರಿದು ಮಾಡಬೇಕೆಂದು 2019ರ ಕಾಯ್ದೆ ಹೇಳಿತು. ನಡುವೆ ಪ್ರತಿವರ್ಷವೂ ತೆಗೆಯಬೇಕೇ ಎಂಬುದಕ್ಕೆ ತೆರಿಗೆ ಇಲಾಖೆಯ ಅಂತಿಮ ನಿಯಮ ಬಂದದ್ದು 2024ರ ಜುಲೈನಲ್ಲಿ. ಅಲ್ಲಿಯವರೆಗೆ ಇಲಾಖೆಯೇ ವರ್ಷ ವರ್ಷವೂ ದಂಡ ಮನ್ನಾ ಮಾಡುತ್ತಾ ಬಂತು. ತನ್ನ ನಿಯಮವನ್ನು ಬಿಡಿಸಿ ಹೇಳಲು ವರ್ಷಗಟ್ಟಲೆ ಸಮಯ ತೆಗೆದುಕೊಂಡ ಇಲಾಖೆ, ಎಂಬತ್ತರ ಅಜ್ಜಿಗೆ ಒಂದು ದಿನವನ್ನೂ ಬಿಟ್ಟುಕೊಡುವುದಿಲ್ಲ.

ದಂಡ ಮೊದಲು ಶೇ 50 ಇತ್ತು, ಈಗ ಇಳಿದಿದೆ. ಬೇಗ ಸರಿಪಡಿಸಿಕೊಂಡರೆ ಶೇ 10 ಮಾತ್ರ. ಕಾರಣ ಬರೆದು ಮನ್ನಾ ಕೋರಲೂಬಹುದು ಎಂದು ಸಮರ್ಥಕರು ಹೇಳುತ್ತಾರೆ. ನಿಜ. ಆದರೆ ಅರ್ಜಿ ಬರೆಯಬಲ್ಲವರಿಗೆ, ಲೆಕ್ಕಿಗರನ್ನು ಇಟ್ಟುಕೊಂಡವರಿಗೆ ಮಾತ್ರ ಆ ದಾರಿ ಕಾಣುತ್ತದೆ. ಗಂಡನ ಖಾತೆ ಎಲ್ಲಿದೆಯೆಂದೇ ತಿಳಿಯದ ವಿಧವೆಗೆ, ಬೆಂಗಳೂರಿಗೆ ಮರಳಿ ಬಂದು ಅಮೆರಿಕದ ಹಳೆಯ ವಿಳಾಸಕ್ಕೆ ಹೋಗುವ ಪತ್ರಗಳನ್ನು ಕಾಣದ ಕನ್ನಡಿಗರಿಗೆ ಕಾಣುವುದಿಲ್ಲ.

ಐಆರ್‌ಎ ನಿರ್ವಹಿಸುವ ಸಂಸ್ಥೆಗೆ ಖಾತೆದಾರರ ವಯಸ್ಸು ಗೊತ್ತು, ಬಾಕಿಯೂ ಗೊತ್ತು. ಆ ವರ್ಷ ಹಣ ತೆಗೆಯಬೇಕೆಂಬ ಮಾಹಿತಿಯನ್ನು ಅದು ಇಲಾಖೆಗೂ ಕೊಡುತ್ತದೆ. ಹಾಗಿದ್ದ ಮೇಲೆ, ಖಾತೆದಾರರು ಬೇಡವೆಂದು ಹೇಳದ ಹೊರತು ಡಿಸೆಂಬರ್‌ನಲ್ಲಿ ಆ ಮೊತ್ತವನ್ನು ಸಂಸ್ಥೆಯೇ ಅವರ ಬ್ಯಾಂಕಿಗೆ ಹಾಕಲಿ. ಏಪ್ರಿಲ್‌ನ ಗಡುವು ಹೋಗಿ ಎಲ್ಲರಿಗೂ ಡಿಸೆಂಬರ್ 31 ಒಂದೇ ಇರಲಿ. ಮೊದಲ ತಪ್ಪಿಗೆ ಅರ್ಜಿಯಿಲ್ಲದೆಯೇ ಮನ್ನಾ ಸಿಗಲಿ. ಇದರಿಂದ ಸರ್ಕಾರಕ್ಕೆ ಬರಬೇಕಾದ ತೆರಿಗೆಯಲ್ಲಿ ಒಂದು ಡಾಲರೂ ಕಡಿಮೆಯಾಗದು. ಅಮೆರಿಕದ ಸಂಸತ್ತು ಈ ತಿದ್ದುಪಡಿಯನ್ನು ಇನ್ನು ಮುಂದೂಡಬಾರದು.