ಟ್ಯಾಬ್ ಕೂಡ ಕಂಪ್ಯೂಟರ್ರೇ, ಆದ್ರೆ ಬೀಗದ ಕೈ ಯಾರ ಹತ್ರ?

ಹೊಸ ಬ್ಯಾಚ್ ಬಂದಾಗಲೆಲ್ಲ ಜೂನಿಯರ್‌ಗಳು ಕೇಳೋದು ಒಂದೇ ಪ್ರಶ್ನೆ: "ಅಣ್ಣಾ, ಲ್ಯಾಪ್‌ಟಾಪೇ ಬೇಕಾ, ಟ್ಯಾಬ್ ಸಾಕಾ?" ಮನೆಯಲ್ಲಿ ಕೊಡಿಸೋದು ಒಂದೇ ಸಲ, ಅದು ನಾಲ್ಕು ವರ್ಷ ಬಾಳಿಕೆ ಬರಬೇಕು. ಹಾಗಾಗಿ ಇದು ಕ್ಯಾಂಟೀನ್ ಹರಟೆಯ ಪ್ರಶ್ನೆ ಅಲ್ಲ. ಉತ್ತರ ಹೇಳೋ ಮುಂಚೆ ಇನ್ನೊಂದು ಕೇಳ್ಕೋಬೇಕು: ಪರ್ಸನಲ್ ಕಂಪ್ಯೂಟರ್ ಅಂದ್ರೆ ಏನು?

ಮಾರುಕಟ್ಟೆ ಲೆಕ್ಕ ಹಾಕೋರಲ್ಲೇ ಇದಕ್ಕೆ ಒಮ್ಮತ ಇರಲಿಲ್ಲ. ಐಪ್ಯಾಡ್ ಬಂದ ಮೇಲೆ ಕೆನಾಲಿಸ್ ಸಂಸ್ಥೆ ಟ್ಯಾಬ್ಲೆಟ್‌ಗಳನ್ನೂ ಪಿಸಿ ಪಟ್ಟಿಗೆ ಸೇರಿಸಿತು. ಐಡಿಸಿ, ಗಾರ್ಟ್ನರ್ ಸೇರಿಸಲಿಲ್ಲ. ಯಾರ ಪಟ್ಟಿ ನೋಡ್ತೀರಿ ಅನ್ನೋದರ ಮೇಲೆ ಆಪಲ್‌ನ ಸ್ಥಾನವೇ ಬದಲಾಗ್ತಿತ್ತು.

ಹಾಗಾದ್ರೆ ಗೆರೆ ಎಲ್ಲಿ ಎಳೆಯೋದು? ವೇಗದಲ್ಲಿ ಅಂತೀರಾ? 2021ರ ಐಪ್ಯಾಡ್ ಪ್ರೋದಲ್ಲಿ ಇದ್ದದ್ದು ಮ್ಯಾಕ್‌ಬುಕ್ ಏರ್‌ನಲ್ಲಿದ್ದ ಅದೇ ಎಂ1 ಚಿಪ್. ಕೀಬೋರ್ಡ್ ಅಂತೀರಾ? ಬೇಕಾದ್ರೆ ಜೋಡಿಸ್ಕೋಬಹುದು. 1975ರ ಆಲ್ಟೇರ್ 8800ಗೆ ಕೀಬೋರ್ಡೂ ಇರಲಿಲ್ಲ, ಪರದೆಯೂ ಇರಲಿಲ್ಲ. ಮುಂದೆ ಒಂದಷ್ಟು ಸ್ವಿಚ್ಚು, ದೀಪ, ಒಳಗೆ 256 ಬೈಟ್ ಮೆಮೊರಿ, ಅಷ್ಟೇ. ಆದ್ರೂ ಪರ್ಸನಲ್ ಕಂಪ್ಯೂಟರ್ ಚರಿತ್ರೆಯಲ್ಲಿ ಅದಕ್ಕೆ ಮೊದಲ ಸಾಲಿನ ಜಾಗ. ಯಾಕಂದ್ರೆ ಕೊಂಡವನು ತನಗೆ ಬೇಕಾದ ಪ್ರೋಗ್ರಾಂನ ತಾನೇ ಅದರೊಳಗೆ ಹಾಕಬಹುದಿತ್ತು. 1981ರ ಐಬಿಎಂ ಪಿಸಿಯಂತೂ ಫ್ಲಾಪಿ ಇಲ್ಲದೆ ಆನ್ ಮಾಡಿದ್ರೆ ನೇರ ಬೇಸಿಕ್ ಭಾಷೆಗೆ ಹೋಗಿ "ಬರಿ" ಅಂತ ಕಾದು ನಿಲ್ತಿತ್ತು.

ಇನ್ನು ಆಕಾರ. 1972ರಲ್ಲೇ ಅಲನ್ ಕೇ ಡೈನಾಬುಕ್ ಅನ್ನೋ ಕಲ್ಪನೆ ಮುಂದಿಟ್ಟಿದ್ದರು. ನೋಟ್‌ಬುಕ್‌ನಷ್ಟು ದೊಡ್ಡದು, ಕೈಯಲ್ಲಿ ಹಿಡಿಯೋ ಅಂಥದ್ದು. ಆ ಪ್ರಬಂಧದ ಶೀರ್ಷಿಕೆಯಲ್ಲೇ ಅದನ್ನ ಪರ್ಸನಲ್ ಕಂಪ್ಯೂಟರ್ ಅಂತ ಕರೆದಿದ್ದರು. ಅಂದ್ರೆ ಹಲಗೆಯಂಥ ಕಂಪ್ಯೂಟರ್ ಹೊಸ ಯೋಚನೆಯೇನಲ್ಲ. ಆದ್ರೆ ಅವರ ಆಸೆ, ಮಕ್ಕಳು ಅದರ ಮೇಲೆ ಓದೋದಷ್ಟೇ ಅಲ್ಲ, ಪ್ರೋಗ್ರಾಂನೂ ಬರೀಬೇಕು ಅನ್ನೋದು. 2010ರಲ್ಲಿ ಐಪ್ಯಾಡ್ ಬಂತು. ಅದೇ ವರ್ಷ, ಮಕ್ಕಳ ಪ್ರೋಗ್ರಾಮಿಂಗ್ ಭಾಷೆ ಸ್ಕ್ರ್ಯಾಚ್‌ನ ಪ್ರಾಜೆಕ್ಟ್‌ಗಳನ್ನ ತೋರಿಸೋ ಆ್ಯಪ್‌ನ ಆಪಲ್ ತನ್ನ ಅಂಗಡಿಯಿಂದ ತೆಗೆದುಹಾಕಿತು.

ಆಮೇಲೆ ನಿಯಮ ಸಡಿಲ ಆಯ್ತು, ನಿಜ. 2021ರ ಕೊನೆಯಿಂದ ಸ್ವಿಫ್ಟ್ ಪ್ಲೇಗ್ರೌಂಡ್ಸ್‌ನಲ್ಲಿ ಐಪ್ಯಾಡ್ ಮೇಲೇ ಆ್ಯಪ್ ಕಟ್ಟಬಹುದು. ಆದ್ರೆ ಎಷ್ಟು ಸಡಿಲ ಬಿಡಬೇಕು ಅಂತ ತೀರ್ಮಾನ ಮಾಡೋರು ಕೊಂಡ ನಾವಲ್ಲ, ಮಾರಿದ ಕಂಪನಿ.

ನನ್ನ ಪರೀಕ್ಷೆ ಇಷ್ಟೇ: ನಾನು ಬರೆದ ಪ್ರೋಗ್ರಾಂ ನನ್ನ ಯಂತ್ರದ ಮೇಲೆ ಯಾರ ಅಪ್ಪಣೆಯೂ ಇಲ್ಲದೆ ಓಡುತ್ತಾ? ಓಡಿದ್ರೆ ಅದು ಪರ್ಸನಲ್ ಕಂಪ್ಯೂಟರ್. ಈ ಲೆಕ್ಕದಲ್ಲಿ ಟರ್ಮಕ್ಸ್ ಹಾಕಿ ಸಿ ಪ್ರೋಗ್ರಾಂ ಕಂಪೈಲ್ ಮಾಡೋ ಅಗ್ಗದ ಆಂಡ್ರಾಯ್ಡ್ ಟ್ಯಾಬ್ ಪಾಸು. ಸ್ಟೋರ್ ಆ್ಯಪ್ ಬಿಟ್ಟು ಬೇರೇನೂ ಒಪ್ಪದ ಎಸ್ ಮೋಡ್‌ನಲ್ಲಿರೋ ವಿಂಡೋಸ್ ಲ್ಯಾಪ್‌ಟಾಪ್, ಆ ಮೋಡ್‌ನಿಂದ ಹೊರಗೆ ಬರೋ ತನಕ ಫೇಲು. ಅಂದ್ರೆ ಜಗಳ ಟ್ಯಾಬ್‌ಗೂ ಲ್ಯಾಪ್‌ಟಾಪ್‌ಗೂ ಮಧ್ಯೆ ಅಲ್ಲವೇ ಅಲ್ಲ.

"ಎಲ್ಲರಿಗೂ ಪ್ರೋಗ್ರಾಂ ಬರೆಯೋ ಹುಚ್ಚು ಇರುತ್ತಾ? ಬೀಗ ಇದ್ರೆ ವೈರಸ್ ಕಾಟ ಇಲ್ಲ" ಅಂತ ನೀವು ಹೇಳಬಹುದು. ಒಪ್ಪಿದೆ. ಬ್ಯಾಂಕು, ವಿಡಿಯೋ ಕಾಲ್‌ಗೆ ಮಾತ್ರ ಬಳಸೋ ನಮ್ಮ ಅಜ್ಜಿಗೆ ಬೀಗ ಹಾಕಿದ ಟ್ಯಾಬೇ ಕ್ಷೇಮ. ಮನೆಗೆ ಬೀಗ ಬೇಡ ಅಂತ ಯಾರೂ ಹೇಳಲ್ಲ. ಆದ್ರೆ ಬೀಗದ ಕೈ ಮನೆಯವರ ಹತ್ರ ಇರಬೇಕಲ್ವಾ?

ಅದರಲ್ಲೂ ನಾವು ಎಂಜಿನಿಯರಿಂಗ್ ಓದ್ತಿರೋರು. ಕಂಪೈಲರ್ ಬದಲಾಯಿಸಿ ನೋಡೋದು, ಯುಎಸ್‌ಬಿಗೆ ಒಂದು ಬೋರ್ಡ್ ಚುಚ್ಚಿ ಕೋಡ್ ಇಳಿಸೋದು, ಆಪರೇಟಿಂಗ್ ಸಿಸ್ಟಂ ಕೆಡಿಸಿ ಮತ್ತೆ ಹಾಕೋದು, ಇವೆಲ್ಲ ಮಾಡ್ತಾ ಮಾಡ್ತಾನೇ ಕಲಿಯೋದು. ಕೆಡಿಸೋಕೆ ಬಿಡದ ಯಂತ್ರ ಕಲಿಯೋಕೂ ಅಷ್ಟಾಗಿ ಬಿಡಲ್ಲ.

ಹಾಗಾಗಿ ಜೂನಿಯರ್‌ಗಳೇ, ನೋಟ್ಸ್ ಬರೆಯೋಕೆ, ಪಿಡಿಎಫ್ ಓದೋಕೆ ಟ್ಯಾಬ್ ಚೆನ್ನಾಗಿದೆ, ದುಡ್ಡಿದ್ರೆ ಖಂಡಿತ ತಗೊಳ್ಳಿ. ಆದ್ರೆ ಒಂದೇ ಕೊಳ್ಳೋಕಾಗೋದು ಅಂದ್ರೆ ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ, ಲಿನಕ್ಸ್ ಹಾಕ್ಕೊಳ್ಳೋಕೆ ಬರೋ ಒಂದು ಲ್ಯಾಪ್‌ಟಾಪ್ ನೋಡಿ. ಅಂಗಡಿಯಲ್ಲಿ ರ‍್ಯಾಮ್ ಎಷ್ಟು ಅಂತ ಕೇಳೋ ಮುಂಚೆ, ಇದರಲ್ಲಿ ನನಗೆ ಬೇಕಾದ್ದು ಹಾಕ್ಕೋಬಹುದಾ ಅಂತ ಕೇಳಿ.